ಉರಿಗಾಂ ಸ್ಟೇಷನ್ನಿನಿಂದ ಡಾಲರ್ ಲೆಕ್ಕದವರೆಗೆ: ಸೀಟು ಸಿಗುವ ಮುಂಚೆಯೇ ಪೇಪರ್‌ಗಳ ಪಟ್ಟಿ ಹಾಕಿಕೊಳ್ಳಿ

ಕಳೆದ ತಿಂಗಳು ಒಂದು ಬೆಳಿಗ್ಗೆ ಉರಿಗಾಂ ಸ್ಟೇಷನ್ನಿನಲ್ಲಿ ಬಂಗಾರಪೇಟೆ ಕಡೆಯ ರೈಲಿಗೆ ಕಾಯುತ್ತಿದ್ದೆವು. ಜಿಲ್ಲಾ ಸುದ್ದಿ ಬರೆಯುವ ನಮಗೆ ಈ ಪ್ಲಾಟ್‌ಫಾರಂ ಕಚೇರಿ ಇದ್ದ ಹಾಗೆ. ಮಾರಿಕುಪ್ಪಂನಿಂದ ಹೊರಟ ಗಾಡಿ ಚಾಂಪಿಯನ್ ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಸೀಟು ಇರುವುದಿಲ್ಲ, ಸುದ್ದಿ ಮಾತ್ರ ಸಿಗುತ್ತದೆ. ಅವತ್ತು ಗುರುತಿನ ಹುಡುಗಿಯೊಬ್ಬಳು ಕೈಯಲ್ಲಿ ಪ್ರಿಂಟ್ ತೆಗೆಸಿದ ಹಾಳೆಗಳನ್ನು ಹಿಡಿದು ಬಂದಳು. ಬಿ.ಎ. ಕೊನೆಯ ವರ್ಷ. ತಾತ ಗಣಿಯೊಳಗೆ ಇಳಿದವರು, ಅಪ್ಪ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ದಿನಾ ಇದೇ ಗಾಡಿಯಲ್ಲಿ ಹೋಗಿಬರುವವರು.

"ಅಣ್ಣಾ, ಇಂಟರ್‌ನ್ಯಾಷನಲ್ ಎಕನಾಮಿಕ್ಸ್ ಅಂಡ್ ಫೈನಾನ್ಸ್ ಅಂತ ಎಂ.ಎ. ಇದೆ. ಇದರಲ್ಲಿ ಇಪ್ಪತ್ತು ಪೇಪರ್ ಹೆಸರು ಬರೆದಿದ್ದಾರೆ. ಯಾವುದು ಮೊದಲು, ಯಾವುದು ಆಮೇಲೆ? ನಾನು ಯಾವುದು ತಗೋಬೇಕು?" ಎಂದು ಕೇಳಿದಳು.

ನಮ್ಮದು ಪತ್ರಿಕೋದ್ಯಮದ ಡಿಪ್ಲೊಮಾ. ಅವಳಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. "ಮೊದಲು ಸೀಟು ಸಿಗಲಿ ಬಿಡಮ್ಮಾ, ಆಮೇಲೆ ನೋಡೋಣ" ಅಂದುಬಿಟ್ಟೆವು. ನಮ್ಮ ಕಡೆ ಎಲ್ಲರೂ ಹೇಳುವ ಮಾತು ಅದೇ. ಆ ಮೇಲೆ ಮೂರು ವಾರ ಅವಳ ಜೊತೆ ಕೂತು ಆ ಹಾಳೆಗಳನ್ನು ಓದಿದೆವು. ಓದಿ ಬಲ್ಲ ಮೇಷ್ಟ್ರುಗಳನ್ನು ಕೇಳಿದೆವು. ನಾವು ಹೇಳಿದ್ದು ತಪ್ಪು ಎಂದು ಈಗ ಗೊತ್ತಾಗಿದೆ. ಸೀಟು ಸಿಕ್ಕಮೇಲೆ ನೋಡಿದರೆ ತಡವಾಗುತ್ತದೆ. ಈ ಬರಹ ಆ ತಪ್ಪಿನ ತಿದ್ದುಪಡಿ.

ಈ ಓದು ನಮ್ಮೂರಿಗೆ ಯಾಕೆ?

"ಅಂತರರಾಷ್ಟ್ರೀಯ ಹಣಕಾಸು" ಎಂದರೆ ಮುಂಬೈನವರ, ಲಂಡನ್ನಿನವರ ವಿಷಯ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಇಡೀ ಕರ್ನಾಟಕದಲ್ಲಿ ಆ ವಿಷಯದ ಬಿಸಿ ನೇರವಾಗಿ ತಾಗಿದ ಊರು ಇದ್ದರೆ ಅದು ನಮ್ಮ ಕೆಜಿಎಫ್.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂತು. ಅದರ ಬಂಡವಾಳ ಲಂಡನ್ನಿನ ಷೇರುದಾರರದು. ಇಲ್ಲಿ ತೆಗೆದ ಚಿನ್ನ ಹಡಗು ಹತ್ತಿ ಅಲ್ಲಿಗೇ ಹೋಗುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಕಂಬ ನೆಟ್ಟು ಕರೆಂಟು ತಂದದ್ದು ನಮ್ಮ ಲೈನ್ ಮನೆಗಳಿಗಲ್ಲ, ಗಣಿಗೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಇಷ್ಟು ಕಥೆ ನಮ್ಮೂರಿನ ಮಕ್ಕಳಿಗೂ ಬಾಯಿಪಾಠ.

ಬಾಯಿಪಾಠವಿಲ್ಲದ ಇನ್ನೊಂದು ಲೆಕ್ಕ ಇದೆ. ಎರಡನೇ ಮಹಾಯುದ್ಧದ ನಂತರ ಐಎಂಎಫ್ ವ್ಯವಸ್ಥೆಯಲ್ಲಿ ಚಿನ್ನದ ಅಧಿಕೃತ ಬೆಲೆ ಔನ್ಸಿಗೆ 35 ಡಾಲರ್ ಎಂದು ಕಟ್ಟಿಹಾಕಿದ್ದರು. ಒಂದು ಔನ್ಸ್ ಅಂದರೆ 31.1 ಗ್ರಾಂ. ಆಗ ಒಂದು ಡಾಲರಿಗೆ 4.76 ರೂಪಾಯಿ. ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ. 35ನ್ನು 4.76ರಿಂದ ಗುಣಿಸಿ, 31.1ರಿಂದ ಭಾಗಿಸಿ. ಗ್ರಾಮಿಗೆ 5 ರೂಪಾಯಿ 36 ಪೈಸೆ ಬರುತ್ತದೆ. 10 ಗ್ರಾಮಿಗೆ 53 ರೂಪಾಯಿ ಚಿಲ್ಲರೆ. 1960ರ ದಶಕದ ಆರಂಭದಲ್ಲಿ ಬಾಂಬೆ ಪೇಟೆಯಲ್ಲಿ ಅದೇ 10 ಗ್ರಾಂ 100 ರೂಪಾಯಿ ದಾಟಿತ್ತು. ನಮ್ಮ ಗಣಿಯ ಚಿನ್ನವನ್ನು ಕೇಂದ್ರ ಸರ್ಕಾರ ಲೆಕ್ಕ ಹಾಕುತ್ತಿದ್ದದ್ದು ಪೇಟೆ ಬೆಲೆಯಲ್ಲಿ ಅಲ್ಲ, ಆ ಅಧಿಕೃತ ಬೆಲೆಯಲ್ಲಿ.

ಆಮೇಲೆ "ಗಣಿ ನಷ್ಟದಲ್ಲಿದೆ" ಎಂಬ ಮಾತು ಹುಟ್ಟಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿದದ್ದು ನಿಜ. ಆರಂಭದಲ್ಲಿ ಟನ್ನಿಗೆ 40 ಗ್ರಾಂ ಮೀರಿದ್ದದ್ದು ಕೊನೆಗೆ 3 ಗ್ರಾಂ ಆಸುಪಾಸಿಗೆ ಬಂದಿತ್ತು. ಮೂರು ಕಿಲೋಮೀಟರಿಗೂ ಹೆಚ್ಚು ಆಳದಿಂದ ಕಲ್ಲು ಎತ್ತುವ ಖರ್ಚೂ ನಿಜ. ಆದರೆ ಅರ್ಧ ಬೆಲೆಗೆ ಮಾಲು ಕೊಟ್ಟ ವರ್ಷಗಳ "ನಷ್ಟ" ಯಾರ ನಷ್ಟ? ಗಣಿಯದೋ, ನಿಗದಿ ಮಾಡಿದ ಬೆಲೆಯದೋ? ಈ ಪ್ರಶ್ನೆಯನ್ನು ಅಂಕಿ ಸಮೇತ ಕೇಳಲು ಗೊತ್ತಿದ್ದವರು ಆಗ ನಮ್ಮ ಲೈನುಗಳಲ್ಲಿ ಎಷ್ಟು ಜನ ಇದ್ದರು? ಕೂಲಿ ಕೇಳಲು ಗೊತ್ತಿತ್ತು, ಮುಷ್ಕರ ಮಾಡಲು ಗೊತ್ತಿತ್ತು. ವಿನಿಮಯ ದರ ಕೇಳಲು ಗೊತ್ತಿರಲಿಲ್ಲ.

1991ರಲ್ಲಿ ದೇಶದ ಬಳಿ ಆಮದಿಗೆ ಡಾಲರ್ ಬರಿದಾದಾಗ ರಿಸರ್ವ್ ಬ್ಯಾಂಕ್ 46.91 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಹತ್ತಿರ ಅಡವಿಟ್ಟು ಸಾಲ ತಂದಿತು. ಚಿನ್ನ ಇರುವ ದೇಶವೂ ಡಾಲರ್ ಇಲ್ಲದೆ ಸಿಕ್ಕಿಬೀಳುತ್ತದೆ. ಹಾಗೇಕೆ ಎಂದು ಹೇಳುವ ಓದಿಗೇ ಅಂತರರಾಷ್ಟ್ರೀಯ ಹಣಕಾಸು ಎಂದು ಹೆಸರು.

ಚಿನ್ನ ಬೇಡ, ಟೊಮೆಟೊ ತೆಗೆದುಕೊಳ್ಳಿ

ಗಣಿ ಕಥೆ ಹಳೆಯದು ಎನ್ನುವವರಿಗೆ ಕೋಲಾರದ ಮಾರುಕಟ್ಟೆ ಇದೆ. 2023ರಲ್ಲಿ ಟೊಮೆಟೊ ಬೆಲೆ ಆಕಾಶಕ್ಕೆ ಏರಿದಾಗ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸರ್ಕಾರ ನೇಪಾಳದಿಂದ ಆಮದು ಮಾಡಿಸಿತು. ಪೇಟೆಯಲ್ಲಿ ಕೊಳ್ಳುವವರಿಗೆ ಸಮಾಧಾನ, ತೋಟದವನಿಗೆ ಸಂಕಟ. ರೇಷ್ಮೆ ತೆಗೆದುಕೊಳ್ಳಿ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದರು. ಚೀನಾ ರೇಷ್ಮೆ ಅಗ್ಗವಾಗಿ ಒಳಗೆ ಬಂತು, ಗೂಡಿನ ಬೆಲೆ ಬಿತ್ತು. ಹುಳು ಸಾಕಿದ ಮನೆಗಳಿಗೆ ಆ ವರ್ಷ ಇನ್ನೂ ನೆನಪಿದೆ.

ದೆಹಲಿಯಲ್ಲಿ ಒಂದು ಅಂಕಿ ಬದಲಾದರೆ ಬಂಗಾರಪೇಟೆಯಲ್ಲಿ ಒಂದು ಮದುವೆ ಮುಂದಕ್ಕೆ ಹೋಗುತ್ತದೆ. ಸುಂಕ, ವಿನಿಮಯ ದರ, ಬಡ್ಡಿ, ಬಂಡವಾಳದ ಹರಿವು, ಈ ನಾಲ್ಕು ಸೇರಿದರೆ ಆ ಹುಡುಗಿ ಓದಲು ಹೊರಟ ವಿಷಯ. ಇದು ದೊಡ್ಡವರ ಓದು ಅಲ್ಲ. ಪರಿಣಾಮ ಅನುಭವಿಸುವವರ ಓದು.

ಪ್ಲಾನ್ ಮಾಡಿದವರು ಒಬ್ಬರಿದ್ದರು

ನಮ್ಮ ಪ್ರತಿ ಲೈನಿನಲ್ಲೂ ಅಂಬೇಡ್ಕರ್ ಚಿತ್ರ ಇದೆ, ಕೈಯಲ್ಲಿ ಪುಸ್ತಕ ಇದೆ. ಆ ಪುಸ್ತಕ ಸಂವಿಧಾನ ಎಂದಷ್ಟೇ ನಮಗೆ ಗೊತ್ತು. ಅವರು ಮೊದಲು ಅರ್ಥಶಾಸ್ತ್ರಜ್ಞ ಎಂಬುದನ್ನು ನಾವು ಮಕ್ಕಳಿಗೆ ಹೇಳುವುದು ಕಡಿಮೆ.

1913ರಲ್ಲಿ ಬರೋಡಾ ಮಹಾರಾಜರ ಮೂರು ವರ್ಷದ ವಿದ್ಯಾರ್ಥಿವೇತನದಲ್ಲಿ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಅವರು ತೆಗೆದುಕೊಂಡ ಕೋರ್ಸುಗಳ ಪಟ್ಟಿ ಇಂದಿಗೂ ಉಳಿದಿದೆ. ಅರ್ಥಶಾಸ್ತ್ರದ 29 ಕೋರ್ಸು, ಇತಿಹಾಸದ 11, ಸಮಾಜಶಾಸ್ತ್ರದ 6, ತತ್ವಶಾಸ್ತ್ರದ 5, ಮಾನವಶಾಸ್ತ್ರದ 4, ರಾಜಕೀಯದ 3, ಜೊತೆಗೆ ಫ್ರೆಂಚ್ ಒಂದು, ಜರ್ಮನ್ ಒಂದು. ಸಿಕ್ಕಿದ ಕಾಲ ಮೂರು ವರ್ಷ, ಮುಂದೆ ಹಣ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಬೆನ್ನೆಲುಬಿನಂತೆ ಒಂದು ವಿಷಯ, ಸುತ್ತ ಅದಕ್ಕೆ ಆಸರೆಯಾಗುವ ವಿಷಯಗಳು, ಮುಂದೆ ಬೇಕಾಗುವ ಭಾಷೆ. ಪಟ್ಟಿ ನೋಡಿದರೇ ಲೆಕ್ಕಾಚಾರ ಕಾಣುತ್ತದೆ.

1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ವಿದ್ಯಾರ್ಥಿವೇತನ ಮುಗಿದು 1917ರಲ್ಲಿ ವಾಪಸ್ ಬರಬೇಕಾಯಿತು. ಓದು ಅರ್ಧಕ್ಕೆ ನಿಂತಿತು. 1920ರಲ್ಲಿ ಮತ್ತೆ ಹೋದರು, ಬಿಟ್ಟಲ್ಲಿಂದ ಮುಂದುವರಿಸಿದರು. 1923ರಲ್ಲಿ ಡಿ.ಎಸ್ಸಿ. ಪದವಿ ಬಂತು. ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ: ರೂಪಾಯಿಗೂ ಚಿನ್ನಕ್ಕೂ ಬ್ರಿಟಿಷ್ ಪೌಂಡಿಗೂ ಇದ್ದ ನಂಟು ಯಾರಿಗೆ ಲಾಭ, ಯಾರಿಗೆ ನಷ್ಟ. ಅಂದರೆ ಈ ಹುಡುಗಿ ಇವತ್ತು ಓದಲು ಹೊರಟ ವಿಷಯವೇ. ನಮ್ಮ ಗಣಿಯ ಚಿನ್ನ ಲಂಡನ್ನಿಗೆ ಹೋಗುತ್ತಿದ್ದ ಕಾಲದಲ್ಲೇ, ಆ ಚಿನ್ನದ ರಾಜಕೀಯವನ್ನು ಲಂಡನ್ನಿನಲ್ಲಿ ಕೂತು ಬಿಡಿಸಿ ಬರೆದವರು ಅವರು.

ಮೊದಲ ಅಡ್ಡಿ ಇಂಗ್ಲಿಷ್ ಅಲ್ಲ, ಗಣಿತ

ಈಗ ಹುಡುಗಿಯ ಹಾಳೆಗೆ ಬರೋಣ. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 81 ತೆಗೆದವಳು. ಪಿಯುಸಿಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ತೆಗೆದುಕೊಂಡಳು. "ಆರ್ಟ್ಸ್ ಅಂದರೆ ಅದೇ" ಎಂದು ಫಾರಂ ತುಂಬಿಸಿದವರು ಹೇಳಿದ್ದರಂತೆ. ಐದು ವರ್ಷ ಗಣಿತ ಮುಟ್ಟಿಲ್ಲ. ಈಗ ಪ್ರವೇಶ ಪರೀಕ್ಷೆಯ ಹಳೆ ಪ್ರಶ್ನೆಪತ್ರಿಕೆ ತೆಗೆದರೆ ಎದುರಿಗೆ ಬರುವುದು ಕ್ಯಾಲ್ಕುಲಸ್, ಮ್ಯಾಟ್ರಿಕ್ಸ್, ಸಂಭವನೀಯತೆ.

ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ನಾಲ್ಕು ಭಾಷೆಯಲ್ಲಿ ಬದುಕುವ ಕೆಜಿಎಫ್ ಮಕ್ಕಳು ಇಂಗ್ಲಿಷನ್ನು ಹೇಗೋ ದಾಟುತ್ತಾರೆ. ಗಣಿತ ಬಿಟ್ಟ ಐದು ವರ್ಷವನ್ನು ದಾಟುವುದು ಕಷ್ಟ. ಅವಳು ದಡ್ಡಿ ಅಂತ ಅಲ್ಲ. ಹದಿನಾರನೇ ವಯಸ್ಸಿನಲ್ಲಿ ಯಾರೋ ಫಾರಂನಲ್ಲಿ ಹಾಕಿಸಿದ ಒಂದು ಟಿಕ್ ಮಾರ್ಕ್, ಇಪ್ಪತ್ತೊಂದನೇ ವಯಸ್ಸಿನಲ್ಲಿ ಬಾಗಿಲಾಗಿ ನಿಂತಿತು.

ಆದ್ದರಿಂದ ನಮ್ಮ ಮೊದಲ ಅಭಿಪ್ರಾಯ ಇದು. ಎಂ.ಎ. ಪ್ಲಾನ್ ಎಂ.ಎ.ಯಲ್ಲಿ ಶುರುವಾಗುವುದಿಲ್ಲ, ಪಿಯುಸಿ ಫಾರಂನಲ್ಲಿ ಶುರುವಾಗುತ್ತದೆ. ಅರ್ಥಶಾಸ್ತ್ರದ ಆಸೆ ಇರುವ ಮಗು ಕಾಮರ್ಸ್ ತೆಗೆದುಕೊಂಡರೆ ಸಂಖ್ಯಾಶಾಸ್ತ್ರ ಅಥವಾ ಬೇಸಿಕ್ ಮ್ಯಾಥ್ಸ್ ಇರುವ ಕಾಂಬಿನೇಷನ್ ಕೇಳಲಿ. ಆರ್ಟ್ಸ್ ತೆಗೆದುಕೊಂಡರೆ ಪದವಿಯಲ್ಲಾದರೂ ಅರ್ಥಶಾಸ್ತ್ರದ ಜೊತೆ ಗಣಿತ ಅಥವಾ ಸಂಖ್ಯಾಶಾಸ್ತ್ರ ಕೊಡುವ ಕಾಲೇಜು ಹುಡುಕಲಿ. ಅದೂ ತಪ್ಪಿದ್ದರೆ, ಈ ಹುಡುಗಿಯ ಹಾಗೆ, ಆರು ತಿಂಗಳು ಬೇರೇನೂ ಬೇಡ: ಫಂಕ್ಷನ್, ಡೆರಿವೇಟಿವ್, ಮ್ಯಾಟ್ರಿಕ್ಸ್, ಸಂಭವನೀಯತೆ. ಪಿಯುಸಿ ಸೈನ್ಸ್ ಮಕ್ಕಳ ಗಣಿತ ಪಠ್ಯಪುಸ್ತಕ ಮೊದಲು, ಆಮೇಲೆ ಆಲ್ಫಾ ಚಿಯಾಂಗ್ ಅವರ ಗಣಿತಾರ್ಥಶಾಸ್ತ್ರದ ಪುಸ್ತಕ. ಸ್ವಯಂ ಮತ್ತು ಎನ್‌ಪಿಟಿಇಎಲ್‌ನಲ್ಲಿ ಪಾಠಗಳು ಉಚಿತವಾಗಿ ಸಿಗುತ್ತವೆ. ಮೊಬೈಲ್ ಡೇಟಾ ಇದ್ದರೆ ಸಾಕು.

ಇಪ್ಪತ್ತು ಪೇಪರ್, ಒಂದು ಸರಪಳಿ

ಎರಡು ವರ್ಷದ ಎಂ.ಎ. ಎಂದರೆ ಸಾಮಾನ್ಯವಾಗಿ ನಾಲ್ಕು ಸೆಮಿಸ್ಟರ್, ಸುಮಾರು 80 ಕ್ರೆಡಿಟ್. ಪೇಪರಿಗೆ 4 ಕ್ರೆಡಿಟ್ ಆದರೆ 20 ಪೇಪರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಡ್ಡಾಯ. ನಮ್ಮ ಆಯ್ಕೆಗೆ ಉಳಿಯುವುದು ಆರೋ ಎಂಟೋ. ಎಡವುವುದು ಆ ಆರೆಂಟರಲ್ಲೇ. ಚೆಂದದ ಹೆಸರು ನೋಡಿ ತೆಗೆದುಕೊಳ್ಳುತ್ತಾರೆ, ಗೆಳತಿ ತೆಗೆದುಕೊಂಡಳೆಂದು ತೆಗೆದುಕೊಳ್ಳುತ್ತಾರೆ, ಮಧ್ಯಾಹ್ನದ ರೈಲು ಸಿಗುತ್ತದೆಂದು ತೆಗೆದುಕೊಳ್ಳುತ್ತಾರೆ.

ಉಳದೆ ಬಿತ್ತುವವರಿಲ್ಲ, ಬಿತ್ತದೆ ಕಳೆ ಕೀಳುವವರಿಲ್ಲ. ಪೇಪರ್‌ಗಳಿಗೂ ಹಾಗೇ ಒಂದು ಸರದಿ ಇದೆ. ನಾವು ಅವಳ ಜೊತೆ ಕೂತು ಹಾಕಿದ ಪಟ್ಟಿ ಹೀಗಿದೆ.

ಮೊದಲ ಸೆಮಿಸ್ಟರ್: ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಗಣಿತ ವಿಧಾನಗಳು, ಸಂಖ್ಯಾಶಾಸ್ತ್ರ. ಇದು ಉಳುಮೆ. ಇಲ್ಲಿ ಆಯ್ಕೆ ಸಿಕ್ಕರೂ ಹಗುರದ ಪೇಪರ್ ಕಡೆ ನೋಡಬಾರದು.

ಎರಡನೇ ಸೆಮಿಸ್ಟರ್: ಎಕನಾಮೆಟ್ರಿಕ್ಸ್, ಅಂತರರಾಷ್ಟ್ರೀಯ ವ್ಯಾಪಾರ ಸಿದ್ಧಾಂತ, ಸಮಗ್ರ ಅರ್ಥಶಾಸ್ತ್ರದ ಮುಂದಿನ ಭಾಗ. ಎಕನಾಮೆಟ್ರಿಕ್ಸ್ ಅಂದರೆ ಅಂಕಿಗಳಿಂದ ಕಾರಣ ಹುಡುಕುವ ವಿದ್ಯೆ. ಸುಂಕ ಇಳಿದದ್ದರಿಂದಲೇ ಗೂಡಿನ ಬೆಲೆ ಬಿತ್ತೇ, ಅಥವಾ ಆ ವರ್ಷ ಬೆಳೆಯೂ ಹೆಚ್ಚಿತ್ತೇ? ಎರಡನ್ನೂ ಬೇರ್ಪಡಿಸಿ ನೋಡಲು ಅದು ಬೇಕು. ದಾಮೋದರ್ ಗುಜರಾತಿ ಅವರ ಪುಸ್ತಕ ಹಳೆ ಪುಸ್ತಕದಂಗಡಿಯಲ್ಲೂ ಸಿಗುತ್ತದೆ. ವ್ಯಾಪಾರ ಸಿದ್ಧಾಂತಕ್ಕೆ ಕ್ರುಗ್‌ಮನ್ ಮತ್ತು ಆಬ್ಸ್‌ಫೆಲ್ಡ್, ಇಲ್ಲವೇ ಸಾಲ್ವಟೋರ್.

ಮೂರನೇ ಸೆಮಿಸ್ಟರ್: ಅಂತರರಾಷ್ಟ್ರೀಯ ಹಣಕಾಸು, ಹಣಕಾಸು ಮಾರುಕಟ್ಟೆಗಳು, ಟೈಂ ಸೀರೀಸ್, ಜೊತೆಗೆ ನೀತಿಗೆ ಸಂಬಂಧಿಸಿದ ಒಂದು ಪೇಪರ್, ಉದಾಹರಣೆಗೆ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳು. ಟೈಂ ಸೀರೀಸ್ ಎಂದರೆ ದಿನದಿನದ ಬೆಲೆಯನ್ನು ಸಾಲಾಗಿ ಇಟ್ಟು ಓದುವುದು. ಅದು ಎಕನಾಮೆಟ್ರಿಕ್ಸ್ ಇಲ್ಲದೆ ಅರ್ಥವಾಗದು. ವಿನಿಮಯ ದರದ ಪೇಪರ್ ಸಮಗ್ರ ಅರ್ಥಶಾಸ್ತ್ರ ಇಲ್ಲದೆ ಅರ್ಥವಾಗದು. ಸರದಿ ತಪ್ಪಿಸಿದರೆ ಪಾಸಾಗಬಹುದು, ವಿಷಯ ಬರುವುದಿಲ್ಲ.

ನಾಲ್ಕನೇ ಸೆಮಿಸ್ಟರ್: ಒಂದು ಕಿರು ಪ್ರಬಂಧ, ಡೆರಿವೇಟಿವ್ಸ್ ಅಥವಾ ರಿಸ್ಕ್ ಪೇಪರ್, ಅಭಿವೃದ್ಧಿ ಅರ್ಥಶಾಸ್ತ್ರದ ಒಂದು ಪೇಪರ್. ಪ್ರಬಂಧ ಐಚ್ಛಿಕ ಎಂದಿದ್ದರೂ ಬಿಡಬೇಡಿ. ಕೆಲಸ ಕೊಡುವವರಿಗೆ ತೋರಿಸಲು ನಿಮ್ಮ ಕೈಯಲ್ಲಿ ಇರುವುದು ಅದೊಂದೇ. ವಿಷಯಕ್ಕೆ ದೂರ ಹೋಗಬೇಕಿಲ್ಲ. ಕೋಲಾರದ ಟೊಮೆಟೊ ದರ, ನರಸಾಪುರದಲ್ಲಿ ಜೋಡಿಸಿ ಹೊರದೇಶಕ್ಕೆ ಹೋಗುವ ಐಫೋನ್, ಕೆಜಿಎಫ್ ಚಿನ್ನದ ಹಳೆ ಬೆಲೆ, ಮೂರೂ ಬಾಗಿಲಲ್ಲೇ ಇವೆ. ರಿಸರ್ವ್ ಬ್ಯಾಂಕಿನ ಅಂಕಿಅಂಶ ಜಾಲತಾಣ ಎಲ್ಲರಿಗೂ ಉಚಿತ.

ಇದರ ಜೊತೆಗೆ ನಾಲ್ಕೂ ಸೆಮಿಸ್ಟರ್ ಉದ್ದಕ್ಕೂ ಎಕ್ಸೆಲ್, ಆರ್ ಅಥವಾ ಪೈಥಾನ್, ಇವುಗಳಲ್ಲಿ ಕೈ ಪಳಗಬೇಕು. ಆರ್ ಮತ್ತು ಪೈಥಾನ್ ಎರಡಕ್ಕೂ ದುಡ್ಡು ಕೊಡಬೇಕಿಲ್ಲ.

ಹೆಸರು ನೋಡಿ ಮರುಳಾಗಬೇಡಿ

"ಗ್ಲೋಬಲ್", "ಇಂಟರ್‌ನ್ಯಾಷನಲ್", "ಫೈನಾನ್ಸ್" ಎಂಬ ಪದ ಅಂಟಿಸಿದರೆ ಫೀಸು ಹೆಚ್ಚು ಕೇಳಬಹುದು ಎಂದು ಕಾಲೇಜುಗಳಿಗೆ ಗೊತ್ತಾಗಿದೆ. ಪ್ರಾಸ್ಪೆಕ್ಟಸ್ ಕೈಗೆ ಬಂದಾಗ ನಾಲ್ಕು ವಿಷಯ ನೋಡಿ.

ಒಂದು, ಪದವಿ ಪತ್ರದ ಮೇಲೆ ಏನೆಂದು ಬರೆಯುತ್ತಾರೆ? ಇದು ಚಿಕ್ಕ ಮಾತಲ್ಲ. ಯುಪಿಎಸ್‌ಸಿ ನಡೆಸುವ ಇಂಡಿಯನ್ ಎಕನಾಮಿಕ್ ಸರ್ವಿಸ್ ಪರೀಕ್ಷೆಗೆ ಅರ್ಥಶಾಸ್ತ್ರ, ಅನ್ವಯಿಕ ಅರ್ಥಶಾಸ್ತ್ರ, ಬಿಸಿನೆಸ್ ಎಕನಾಮಿಕ್ಸ್ ಅಥವಾ ಎಕನಾಮೆಟ್ರಿಕ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಕೇಳುತ್ತಾರೆ. "ಇಂಟರ್‌ನ್ಯಾಷನಲ್ ಬಿಸಿನೆಸ್" ಎಂದೋ ಬರೀ "ಫೈನಾನ್ಸ್" ಎಂದೋ ಇದ್ದರೆ ಆ ಬಾಗಿಲಲ್ಲಿ ತಕರಾರು ಬರುತ್ತದೆ. ಅರ್ಥಶಾಸ್ತ್ರ ಮುಖ್ಯ, ವ್ಯಾಪಾರ ಮತ್ತು ಹಣಕಾಸು ವಿಶೇಷ ಅಧ್ಯಯನ, ಹೀಗಿರುವ ಪದವಿ ಹೆಚ್ಚು ಭದ್ರ. ದೆಹಲಿಯ ಐಐಎಫ್‌ಟಿ ವ್ಯಾಪಾರ ಮತ್ತು ಹಣಕಾಸನ್ನು ವಿಶೇಷ ವಿಷಯವಾಗಿಟ್ಟು ಎಂ.ಎ. ಅರ್ಥಶಾಸ್ತ್ರ ಕೊಡುತ್ತದೆ. ಜೆಎನ್‌ಯುನಲ್ಲಿ ವಿಶ್ವ ಆರ್ಥಿಕತೆಯ ಮೇಲೆ ಎಂ.ಎ. ಇದೆ. ಮದ್ರಾಸ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಹಣಕಾಸು ಅರ್ಥಶಾಸ್ತ್ರ ಇದೆ. ಹತ್ತಿರದಲ್ಲಿ, ಬೆಂಗಳೂರಿನಲ್ಲೇ 2017ರಲ್ಲಿ ಶುರುವಾದ ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ.

ಎರಡು, ಪಟ್ಟಿಯಲ್ಲಿರುವ ಐಚ್ಛಿಕ ಪೇಪರ್‌ಗಳನ್ನು ನಿಜವಾಗಿ ಪಾಠ ಮಾಡುತ್ತಾರೆಯೇ? ಹತ್ತು ಹೆಸರು ಅಚ್ಚು ಹಾಕಿ ಎರಡನ್ನೇ ನಡೆಸುವುದುಂಟು. ಹಿಂದಿನ ವರ್ಷದ ಟೈಂಟೇಬಲ್ ಕೇಳಿ. ಸೀನಿಯರ್ ಒಬ್ಬರ ನಂಬರ್ ಪಡೆದು ಮಾತಾಡಿ.

ಮೂರು, ಹೊರಗಿನ ಕ್ರೆಡಿಟ್ ಒಪ್ಪುತ್ತಾರೆಯೇ? ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಶೇ. 40ರವರೆಗೆ ಸ್ವಯಂ ಕೋರ್ಸುಗಳನ್ನು ಲೆಕ್ಕಕ್ಕೆ ಹಿಡಿಯಲು ಅವಕಾಶ ಇದೆ. ನಿಮ್ಮ ಕಾಲೇಜಿನಲ್ಲಿ ಟೈಂ ಸೀರೀಸ್ ಹೇಳಿಕೊಡುವವರಿಲ್ಲದಿದ್ದರೆ ಈ ದಾರಿ ಕೇಳಿ. ಸೆಮಿಸ್ಟರ್ ಶುರುವಾಗುವ ಮೊದಲು ಕೇಳಬೇಕು.

ನಾಲ್ಕು, ಹೊರದೇಶದ ಆಸೆ ಇದ್ದರೆ ವರ್ಷ ಎಣಿಸಿ. ಕರ್ನಾಟಕದಲ್ಲಿ 2024ರಿಂದ ಮತ್ತೆ ಮೂರು ವರ್ಷದ ಪದವಿ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ಬ್ರಿಟನ್ನಿನಲ್ಲಿ ಮೂರು ವರ್ಷದ್ದನ್ನು ಸಾಮಾನ್ಯವಾಗಿ ಒಪ್ಪುತ್ತಾರೆ, ಮಾಸ್ಟರ್ಸ್ ಕೂಡ ಒಂದೇ ವರ್ಷ. ಇಲ್ಲಿ ಎಂ.ಎ. ಮುಗಿಸಿ ಹೋಗುವುದು ನಮ್ಮಂಥವರಿಗೆ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ.

ಸಾಲ ರೂಪಾಯಿಯಲ್ಲಿ, ಫೀಸು ಡಾಲರಿನಲ್ಲಿ

ದುಡ್ಡಿನ ಮಾತೂ ಪ್ಲಾನಿನ ಭಾಗವೇ. 2014ರಲ್ಲಿ ಡಾಲರಿಗೆ 60 ರೂಪಾಯಿ ಆಸುಪಾಸಿತ್ತು, 2024ರ ಕೊನೆಗೆ 85 ಮುಟ್ಟಿತು. 10 ಸಾವಿರ ಡಾಲರ್ ಫೀಸು 2014ರಲ್ಲಿ 6 ಲಕ್ಷ, 2024ರ ಕೊನೆಗೆ ಎಂಟೂವರೆ ಲಕ್ಷ. ಕಾಲೇಜು ಒಂದು ಪೈಸೆ ಏರಿಸದಿದ್ದರೂ ನಮ್ಮ ಸಾಲ ಏರಿತು. ಅಂತರರಾಷ್ಟ್ರೀಯ ಹಣಕಾಸಿನ ಮೊದಲ ಪಾಠ ಬ್ಯಾಂಕಿನ ಕೌಂಟರಿನಲ್ಲೇ ಸಿಗುತ್ತದೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಹೊರದೇಶದ ಓದಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇವೆ. ಇಲ್ಲೇ ಓದುವವರಿಗೆ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನ ಇದೆ. ಬ್ಯಾಂಕ್ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲ್ ಇದೆ. ಈ ವಿದ್ಯಾರ್ಥಿವೇತನಗಳಿಗೆ ಕೊನೆಯ ದಿನಾಂಕ ಇರುತ್ತದೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಸೀಟು ಸಿಕ್ಕ ಮೇಲೆ ನಾಡಕಚೇರಿಗೆ ಓಡುವುದಲ್ಲ, ಅರ್ಜಿ ಹಾಕುವ ತಿಂಗಳಲ್ಲೇ ಪತ್ರ ಮಾಡಿಸಿಟ್ಟುಕೊಳ್ಳಿ.

"ಬಿ.ಎಡ್. ಮಾಡಿಸಿ, ಸಾಕು" ಎನ್ನುವವರಿಗೆ

ಹುಡುಗಿಯ ಸೋದರಮಾವ ನಮ್ಮನ್ನೇ ಬೈದರು. "ನಿಮಗೆ ಬರೆಯೋಕೆ ಸುದ್ದಿ ಬೇಕು. ಅವಳ ಮನೆಗೆ ಸಂಬಳ ಬೇಕು. ಬಿ.ಎಡ್. ಮಾಡಿದರೆ ಎಲ್ಲಾದರೂ ಟೀಚರ್ ಆಗುತ್ತಾಳೆ. ಈ ಡಾಲರ್ ಓದಿ ಯಾರಿಗೆ ಕೆಲಸ ಸಿಕ್ಕಿದೆ ನಮ್ಮೂರಲ್ಲಿ?" ಅಂದರು.

ಮಾತು ಸುಳ್ಳಲ್ಲ. ಎರಡು ವರ್ಷ ಸಂಬಳವಿಲ್ಲದೆ ಇರುವುದು ಆ ಮನೆಗೆ ದೊಡ್ಡ ಖರ್ಚು. ಕೆಲಸ ಗ್ಯಾರಂಟಿ ಎಂದು ನಾವೂ ಹೇಳುವುದಿಲ್ಲ. ಅದಕ್ಕೇ ಪ್ಲಾನ್ ಬೇಕು ಎನ್ನುತ್ತಿದ್ದೇವೆ. ಸರದಿ ಇಲ್ಲದೆ ಪೇಪರ್ ಆರಿಸಿದವರ ಎಂ.ಎ. ಸೋದರಮಾವ ಹೇಳಿದಂತೆ ವ್ಯರ್ಥವೇ ಆಗಬಹುದು. ಗಣಿತ, ಎಕನಾಮೆಟ್ರಿಕ್ಸ್, ಒಂದು ಸಾಫ್ಟ್‌ವೇರ್, ಒಂದು ಒಳ್ಳೆಯ ಪ್ರಬಂಧ, ಈ ನಾಲ್ಕು ಇದ್ದರೆ ಒಂದೇ ಬಾಗಿಲು ತಟ್ಟಿ ಕೂರಬೇಕಿಲ್ಲ. ಬ್ಯಾಂಕು, ರಿಸರ್ವ್ ಬ್ಯಾಂಕು, ಐಇಎಸ್, ನೆಟ್ ಬರೆದು ಕಾಲೇಜು ಪಾಠ, ಬೆಂಗಳೂರಿನ ಹಣಕಾಸು ಕಂಪನಿಗಳು, ಸಂಶೋಧನೆ. ಬಡವರ ಮಗು ಕಷ್ಟದ ಓದು ಓದಬಾರದು ಎಂದಲ್ಲ. ಬಡವರ ಮಗುವಿಗೆ ಎರಡನೇ ಸಲ ಪ್ರಯತ್ನಿಸುವಷ್ಟು ಹಣವಿಲ್ಲ, ಆದ್ದರಿಂದ ಮೊದಲ ಸಲವೇ ಸರಿಯಾಗಿ ಜೋಡಿಸಿಕೊಳ್ಳಬೇಕು.

ಇನ್ನೊಂದು ಮಾತು ನಮ್ಮ ಮೇಲೇ ಹೇಳಿಕೊಳ್ಳಬೇಕು. 2024ರ ಜೂನ್‌ನಲ್ಲಿ ಕೆಜಿಎಫ್‌ನ 13 ಸೈನೈಡ್ ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯಲು ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಾಗ ನಾವೂ ಸುದ್ದಿ ಬರೆದೆವು. 3 ಕೋಟಿ ಟನ್ನಿಗೂ ಹೆಚ್ಚು ಮಣ್ಣು, ಊರಿಗೆ ಮತ್ತೆ ಸುವರ್ಣ ಯುಗ ಎಂದು ತಲೆಬರಹ ಕೊಟ್ಟೆವು. ಈ ಹುಡುಗಿ ಮೊನ್ನೆ ಆ ಕಟಿಂಗ್ ಓದಿ ಕೇಳಿದಳು: "ಟನ್ನಿಗೆ ಒಂದು ಗ್ರಾಮಿಗಿಂತ ಕಡಿಮೆ ಅಂತೀರಿ. ಅದರಲ್ಲಿ ಎಷ್ಟು ಕೈಗೆ ಬರುತ್ತೆ? ಟನ್ನಿಗೆ ಖರ್ಚೆಷ್ಟು? ಚಿನ್ನದ ಬೆಲೆ ಬಿದ್ದರೆ ಕಂಪನಿ ಬಿಟ್ಟು ಹೋದರೆ ಧೂಳು ಯಾರದು?" ನಾವು ಯಾವುದನ್ನೂ ಕೇಳಿರಲಿಲ್ಲ. ಗಾಳಿ ಬೀಸಿದಾಗ ಆ ಧೂಳು ಬೀಳುವುದು ಅವಳ ಮನೆಯ ಅನ್ನದ ತಟ್ಟೆಗೆ. ಆ ಪ್ರಶ್ನೆ ಕೇಳುವವರು ಊರೊಳಗಿನವರೇ ಆಗಿರಬೇಕು ಎನ್ನುವುದು ಇದಕ್ಕೇ.

ನಾವು ಕೇಳುವುದು ಇಷ್ಟು

ಪಿಯು ಕಾಲೇಜಿನವರಲ್ಲಿ: ಅರ್ಜಿ ಫಾರಂ ತುಂಬಿಸುವ ದಿನ ಒಬ್ಬ ಉಪನ್ಯಾಸಕರನ್ನು ಟೇಬಲ್ ಹಾಕಿ ಕೂರಿಸಿ. ಗಣಿತಕ್ಕೆ ಒಳ್ಳೆ ಅಂಕ ಬಂದ ಮಗು ಆರ್ಟ್ಸ್ ಕೇಳಿದರೆ, ಗಣಿತ ಬಿಟ್ಟರೆ ಮುಂದೆ ಯಾವ ಬಾಗಿಲು ಮುಚ್ಚುತ್ತದೆ ಎಂದು ಹೇಳಿ ಕಳಿಸಿ. ಐದು ನಿಮಿಷದ ಕೆಲಸ.

ಪದವಿ ಕಾಲೇಜಿನವರಲ್ಲಿ: ಅರ್ಥಶಾಸ್ತ್ರ ಓದುವ ಬಿ.ಎ. ಮಕ್ಕಳಿಗೆ ಗಣಿತ ವಿಭಾಗದವರಿಂದ ವಾರಕ್ಕೆ ಎರಡು ತಾಸು ಬ್ರಿಡ್ಜ್ ಪಾಠ ಮಾಡಿಸಿ. ಹೊಸ ಹುದ್ದೆ ಬೇಕಿಲ್ಲ, ಹೊಸ ಕಟ್ಟಡ ಬೇಕಿಲ್ಲ. ಕರಿಹಲಗೆ ಸಾಕು.

ನಮ್ಮೂರಿಂದ ಹೋಗಿ ಬ್ಯಾಂಕಿನಲ್ಲೋ ವಿಶ್ವವಿದ್ಯಾಲಯದಲ್ಲೋ ಕೂತವರಲ್ಲಿ: ಊರಿಗೆ ಬಂದಾಗ ಒಂದು ಭಾನುವಾರ ಕೊಡಿ. ನೀವು ಓದಿದ ಪೇಪರ್‌ಗಳ ಪಟ್ಟಿ ತನ್ನಿ. ಯಾವುದು ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ, ಹೇಳಿ ಹೋಗಿ.

ಅಪ್ಪ ಅಮ್ಮಂದಿರಲ್ಲಿ: ಮಗಳು ಕಷ್ಟದ ಪೇಪರ್ ತಗೋತೀನಿ ಅಂದರೆ ತಡೆಯಬೇಡಿ.

ಹುಡುಗಿ ಈ ವರ್ಷ ಅರ್ಜಿ ಹಾಕುತ್ತಿಲ್ಲ. ಒಂದು ವರ್ಷ ನಿಲ್ಲುತ್ತಾಳೆ. ಬೆಳಿಗ್ಗೆ ಗಣಿತ, ಸಂಜೆ ಪಕ್ಕದ ಲೈನಿನ ಮಕ್ಕಳಿಗೆ ಟ್ಯೂಷನ್. ಆ ಒಂದು ವರ್ಷ ಅವಳು ತೆತ್ತ ದಂಡ. ತಪ್ಪು ಮಾತ್ರ ಅವಳದಲ್ಲ. ಮೊನ್ನೆ ಸ್ಟೇಷನ್ನಿನಲ್ಲಿ ಸಿಕ್ಕಾಗ ಹೊಸ ನೋಟ್‌ಬುಕ್ ತೋರಿಸಿದಳು. ಮೊದಲ ಪುಟದಲ್ಲಿ ನಾಲ್ಕು ಸೆಮಿಸ್ಟರಿನ ಪಟ್ಟಿ, ಪ್ರತಿ ಪೇಪರಿನ ಎದುರಿಗೆ ಅದಕ್ಕೂ ಮೊದಲು ಓದಬೇಕಾದದ್ದು. ಕೊನೆಯ ಸಾಲಿನಲ್ಲಿ ಪ್ರಬಂಧದ ವಿಷಯ ಈಗಲೇ ಬರೆದಿಟ್ಟಿದ್ದಾಳೆ: ಕೆಜಿಎಫ್ ಚಿನ್ನಕ್ಕೆ 1962ರಿಂದ ಕೊಟ್ಟ ಬೆಲೆ.

ನಿಮ್ಮ ಮನೆಯಲ್ಲೂ ಈ ವರ್ಷ ಎಸ್ಸೆಸ್ಸೆಲ್ಸಿ ಬರೆದ ಮಗು ಇದ್ದರೆ, ಕಾಲೇಜು ಫಾರಂ ತುಂಬುವ ಮೊದಲು ಇದನ್ನು ಓದಿಸಿ. ಒಂದು ಟಿಕ್ ಹಾಕುವ ಮುಂಚೆ ಐದು ವರ್ಷ ಮುಂದಕ್ಕೆ ನೋಡಿದರೆ ಸಾಕು.